ರಾಜ್ಯಶಾಸ್ತ್ರದ ವ್ಯಾಸಂಗ: ವರ್ಷಗಳ ಜಗಳವೂ ವಿದ್ಯೆಯ ಪ್ರಶ್ನೆಯೂ

೨೦೨೧ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಸರಕಾರವು ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ಪದವಿಯ ವ್ಯಾಸಂಗಕ್ಕೆ ನಾಲ್ಕು ವರ್ಷಗಳ ಕ್ರಮವನ್ನು ಗೊತ್ತುಪಡಿಸಿತು. ಈ ನೀತಿಯನ್ನು ಆಚರಣೆಗೆ ತಂದ ಮೊದಲನೆಯ ರಾಜ್ಯ ತಮ್ಮದೆಂದು ಅಂದಿನ ಅಧಿಕಾರಸ್ಥರು ಹೆಮ್ಮೆಪಟ್ಟುಕೊಂಡರು. ಮೂರು ವರ್ಷ ತುಂಬುವುದರೊಳಗಾಗಿ, ಎಂದರೆ ೨೦೨೪ನೆಯ ಮೇ ತಿಂಗಳಲ್ಲಿ, ಬೇರೊಂದು ಸರಕಾರವು ಪ್ರೊಫೆಸರ್ ಸುಖದೇವ ಥೋರಟರ ಅಧ್ಯಕ್ಷತೆಯ ಆಯೋಗವು ಸಲ್ಲಿಸಿದ ಮಧ್ಯಂತರ ವರದಿಯನ್ನು ಆಧಾರವಾಗಿಟ್ಟುಕೊಂಡು ಮರಳಿ ಮೂರು ವರ್ಷಗಳ ಪದವಿಯನ್ನೇ ಸ್ಥಾಪಿಸಿತು. ಇದರ ಫಲವಾಗಿ ೨೦೨೪-೨೫ನೆಯ ಸಾಲಿನಲ್ಲಿ ಒಂದೇ ಕಾಲೇಜಿನ ಒಂದೇ ಸೂರಿನ ಕೆಳಗೆ ಮೊದಲನೆಯ ವರ್ಷದವರು ಒಂದು ಪದ್ಧತಿಯನ್ನೂ, ಮೇಲಿನ ತರಗತಿಯವರು ಮತ್ತೊಂದು ಪದ್ಧತಿಯನ್ನೂ ಓದುವಂತಾಯಿತು. ನಡುವೆ ಸೇರಿದ ಮೂರು ತಂಡಗಳ ವಿದ್ಯಾರ್ಥಿಗಳಿಗೆ, ಬಯಸಿದರೆ ನಾಲ್ಕನೆಯ ವರ್ಷಕ್ಕೆ ಹೋಗಬಹುದೆಂಬ ಅನುಕೂಲವನ್ನು ಮಾತ್ರ ಉಳಿಸಲಾಯಿತು.

ಈ ಹೊಯ್ದಾಟದಿಂದ ಎಲ್ಲ ವಿಷಯಗಳಿಗೂ ತೊಂದರೆಯಾಗಿದೆಯೆಂಬುದು ದಿಟ. ಆದರೆ ರಾಜ್ಯಶಾಸ್ತ್ರದ ಪಾಲಿಗೆ ಇದರಲ್ಲಿ ಒಂದು ವಿಶೇಷ ವಿಪರ್ಯಾಸವುಂಟು. ಸರಕಾರವು ಹೇಗೆ ನಿರ್ಣಯ ಕೈಕೊಳ್ಳುತ್ತದೆ, ಯಾರನ್ನು ಕೇಳಿ ಕೈಕೊಳ್ಳುತ್ತದೆ, ಒಂದು ಸರಕಾರ ಮಾಡಿದ್ದನ್ನು ಇನ್ನೊಂದು ಯಾವ ಅಧಿಕಾರದಿಂದ ಅಳಿಸುತ್ತದೆ ಎಂಬುದನ್ನೇ ಕಲಿಸಬೇಕಾದ ಶಾಸ್ತ್ರವು, ತನ್ನ ಪಾಠಕ್ರಮದ ಮಾತು ಬಂದಾಗ ಬಾಯಿಲ್ಲದ ಪ್ರಾಣಿಯಾಗಿ ಎರಡು ಸಲ ಮಗ್ಗುಲು ಬದಲಿಸಿತು. ಮೂರೇ ನಾಲ್ಕೇ ಎಂದು ಎರಡು ಪಕ್ಷಗಳೂ ವೇದಿಕೆಗಳ ಮೇಲೆ ವಾದಿಸಿದವು. ಆ ವರ್ಷಗಳ ಒಳಗೆ ಏನಿರಬೇಕು, ಅವುಗಳನ್ನು ಮುಗಿಸಿ ಹೊರಬಂದ ಹುಡುಗನಿಗಾಗಲಿ ಹುಡುಗಿಗಾಗಲಿ ಏನು ಕೈವಶವಾಗಿರಬೇಕು ಎಂಬ ಪ್ರಶ್ನೆಯು ಆ ಗದ್ದಲದಲ್ಲಿ ಕೇಳಿಸಲಿಲ್ಲ.

ನಾಲ್ಕನೆಯ ವರ್ಷವನ್ನು ಬೇಡುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವವರಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೨ರ ನಿಯಮಗಳ ಮೇರೆಗೆ, ನಾಲ್ಕು ವರ್ಷಗಳ ಪದವಿಯನ್ನು ಶೇಕಡಾ ೭೫ ಅಂಕಗಳೊಡನೆ ಮುಗಿಸಿದವರು ಎಂ.ಎ. ಮಾಡದೆಯೇ ಡಾಕ್ಟರೇಟು ಸಂಶೋಧನೆಗೆ ಅರ್ಹರಾಗುತ್ತಾರೆ. ಹೊರನಾಡಿನ ವಿಶ್ವವಿದ್ಯಾನಿಲಯಗಳಿಗೆ ಹೋಗಬಯಸುವವರಿಗೂ ಅದರಿಂದ ಅನುಕೂಲವಿದೆ. ಮೂರು ವರ್ಷವೇ ಸಾಕೆನ್ನುವವರ ಮಾತಿಗೂ ಅಷ್ಟೇ ತೂಕವಿದೆ. ಮುಂಜಾನೆಯ ಬಸ್ಸು ಹಿಡಿದು ತಾಲ್ಲೂಕು ಕೇಂದ್ರದ ಕಾಲೇಜಿಗೆ ಬರುವ ರೈತನ ಮಗಳಿಗೆ ಇನ್ನೊಂದು ವರ್ಷವೆಂದರೆ ಬರಿಯ ಶುಲ್ಕದ ಮಾತಲ್ಲ. ಮನೆಯಲ್ಲಿ ಆಕೆಯ ಓದನ್ನು ಇನ್ನೂ ಒಂದು ವರ್ಷ ಕಾಯ್ದುಕೊಳ್ಳುವ ಜಗಳವದು. ಈ ಎರಡರಲ್ಲಿ ಒಂದನ್ನು ಆರಿಸೆಂದರೆ, ಸದ್ಯದ ಸ್ಥಿತಿಯಲ್ಲಿ, ಬಡವರ ಕಡೆಯ ತಕ್ಕಡಿಯೇ ಭಾರವೆಂದು ನಮಗೆ ತೋರುತ್ತದೆ. ಆದರೆ ಅಷ್ಟಕ್ಕೇ ಮಾತು ನಿಲ್ಲಲಾಗದು.

ಏಕೆಂದರೆ ಲೆಕ್ಕವನ್ನು ವರ್ಷಗಳಲ್ಲಿ ಮಾಡದೆ ಗಂಟೆಗಳಲ್ಲಿ ಮಾಡಿದರೆ ಬೇರೆಯೇ ಚಿತ್ರವು ಕಾಣುತ್ತದೆ. ಧನಸಹಾಯ ಆಯೋಗದ ೨೦೨೨ರ ಚೌಕಟ್ಟಿನಲ್ಲಿ ಮೂರು ವರ್ಷಗಳ ಪದವಿಗೆ ೧೨೦ ಕ್ರೆಡಿಟ್ಟುಗಳು, ನಾಲ್ಕು ವರ್ಷಗಳದಕ್ಕೆ ೧೬೦. ಉಪನ್ಯಾಸದ ಮಟ್ಟಿಗೆ ಒಂದು ಕ್ರೆಡಿಟ್ಟೆಂದರೆ ಹದಿನೈದು ಗಂಟೆಗಳ ಪಾಠ. ಅಂದಮೇಲೆ ಮೂರು ವರ್ಷಕ್ಕೆ ಒಟ್ಟು ೧೮೦೦ ಗಂಟೆ. ಇದರಲ್ಲಿ ಕಾಲುಭಾಗವೋ ಮೂರರಲ್ಲೊಂದು ಭಾಗವೋ ಭಾಷೆಗಳಿಗೂ ಕಡ್ಡಾಯ ವಿಷಯಗಳಿಗೂ ಸಲ್ಲುತ್ತದೆ. ಉಳಿದುದನ್ನು, ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಂತೆ, ಮೂರು ವಿಷಯಗಳು ಸಮನಾಗಿ ಹಂಚಿಕೊಳ್ಳುತ್ತವೆಂದು ಇಟ್ಟುಕೊಳ್ಳೋಣ. ಆಗ ರಾಜ್ಯಶಾಸ್ತ್ರದ ಪಾಲಿಗೆ ಬರುವುದು ನಾಲ್ಕುನೂರರಿಂದ ನಾಲ್ಕುನೂರೈವತ್ತು ಗಂಟೆಗಳು. ಹಗಲಿರುಳು ಸೇರಿಸಿ ಎಣಿಸಿದರೆ ಹತ್ತೊಂಬತ್ತು ದಿನ! ಪ್ಲೇಟೋವಿನಿಂದ ಅಂಬೇಡ್ಕರರವರೆಗೆ, ವಿಶ್ವಸಂಸ್ಥೆಯಿಂದ ಗ್ರಾಮ ಪಂಚಾಯತಿಯವರೆಗೆ ಎಲ್ಲವೂ ಈ ಹತ್ತೊಂಬತ್ತು ದಿನಗಳಲ್ಲಿ ಅಡಗಬೇಕು. ಇಷ್ಟು ಕಡಿಮೆ ಬಂಡವಾಳದ ವ್ಯಾಪಾರಿಯು ಸರಕನ್ನು ಎಷ್ಟು ಎಚ್ಚರದಿಂದ ಆರಿಸಬೇಕೋ ಅಷ್ಟೇ ಎಚ್ಚರದಿಂದ ಪಾಠಕ್ರಮವನ್ನು ಆರಿಸಬೇಕಾಗಿದೆ. ನಡೆಯುತ್ತಿರುವುದೇನೆಂದರೆ, ಹಳೆಯ ಪಟ್ಟಿಯ ಶೀರ್ಷಿಕೆಗಳನ್ನೇ ಹಿಂದುಮುಂದು ಮಾಡಿ, ನಾಲ್ಕರ ಪೆಟ್ಟಿಗೆಯಿಂದ ತೆಗೆದು ಮೂರರ ಪೆಟ್ಟಿಗೆಗೆ ತುಂಬುವುದು.

ಈ ಶಾಸ್ತ್ರವು ನಮ್ಮ ನಾಡಿಗೆ ಎರವಲು ಬಂದ ವಿದ್ಯೆಯೆಂದು ಭಾವಿಸತಕ್ಕ ಕಾರಣವಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳನ್ನು ೧೯೦೫ರಲ್ಲಿ ಗುರುತಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಅವರು ೧೯೦೯ರಲ್ಲಿ ಮೂಲವನ್ನು ಅಚ್ಚು ಮಾಡಿಸಿ, ೧೯೧೫ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆಯೇ, ಭಾರತೀಯರಿಗೆ ರಾಜ್ಯತಂತ್ರದ ಆಲೋಚನೆಯಿರಲಿಲ್ಲವೆಂಬ ಪಾಶ್ಚಾತ್ಯ ಪಂಡಿತರ ಮಾತು ಸಡಿಲವಾಯಿತು. ದಿವಾನ್ ರಂಗಾಚಾರ್ಲು ಅವರು ೧೮೮೧ರಲ್ಲಿಯೇ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಡಿ.ವಿ. ಗುಂಡಪ್ಪನವರು ಕನ್ನಡದಲ್ಲಿ ರಾಜ್ಯಶಾಸ್ತ್ರದ ಗ್ರಂಥವನ್ನು ಬರೆದುದಲ್ಲದೆ, ೧೯೪೫ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಸಾಮಾನ್ಯ ಪೌರನು ಆಯವ್ಯಯವನ್ನೂ ಕಾಯಿದೆಯನ್ನೂ ಓದಿ ಚರ್ಚಿಸಬೇಕೆಂದು ಬಯಸಿದರು. ಇಂತಹ ನಾಡಿನಲ್ಲಿ ಇಂದು ಈ ವಿಷಯದ ಗತಿ ಏನೆಂದರೆ, ಬೇರೆಲ್ಲಿಯೂ ಸೀಟು ಸಿಕ್ಕದವರು ಸೇರುವುದು, ಪರೀಕ್ಷೆಗೆ ಹದಿನೈದು ದಿನ ಮೊದಲು ಪುಸ್ತಕದಂಗಡಿಯಿಂದ ಗೈಡನ್ನು ಕೊಂಡು ಇಪ್ಪತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡುವುದು, ಅನಂತರ ಅದನ್ನು ಮರೆಯುವುದು. ರಾಷ್ಟ್ರಪತಿಯ ಅಧಿಕಾರಗಳನ್ನು ಹತ್ತು ಅಂಶಗಳಲ್ಲಿ ಬರೆಯಬಲ್ಲ ಪದವೀಧರನ ಕೈಗೆ ತನ್ನ ಊರಿನ ಪಂಚಾಯತಿಯ ಆಯವ್ಯಯ ಪತ್ರವನ್ನು ಕೊಟ್ಟರೆ ತಲೆಬುಡ ತಿಳಿಯದೆ ಹಿಂದಕ್ಕೆ ಕೊಡುತ್ತಾನೆ.

ನಮ್ಮ ಅಭಿಪ್ರಾಯದಲ್ಲಿ ಪದವಿಯ ಯೋಜನೆಯು ಇಲ್ಲಿಂದಲೇ ಆರಂಭವಾಗತಕ್ಕದ್ದು. ಯಾವ ಯಾವ ಶೀರ್ಷಿಕೆಗಳಿರಬೇಕು ಎಂಬುದಲ್ಲ ಮೊದಲನೆಯ ಪ್ರಶ್ನೆ. ರಾಜ್ಯಶಾಸ್ತ್ರದ ಪದವೀಧರನೆನಿಸಿಕೊಂಡವನು ಸಹಾಯವಿಲ್ಲದೆ ಯಾವ ಕಾಗದವನ್ನು ಓದಬಲ್ಲನು, ಯಾವ ಲೆಕ್ಕವನ್ನು ಮಾಡಬಲ್ಲನು, ಯಾವ ಟಿಪ್ಪಣಿಯನ್ನು ಬರೆಯಬಲ್ಲನು ಎಂಬುದು ಮೊದಲನೆಯದು. ಕಾಯಿದೆ, ನ್ಯಾಯಾಲಯದ ತೀರ್ಪು, ಆಯವ್ಯಯ ಪತ್ರ, ಚುನಾವಣೆಯ ಫಲಿತಾಂಶ, ಇವುಗಳನ್ನು ಮೂಲದಲ್ಲಿಯೇ ಓದಬಲ್ಲವನು ಪದವೀಧರ. ಇವುಗಳ ವಿಷಯವಾಗಿ ಇತರರು ಬರೆದುದನ್ನು ಮಾತ್ರ ಓದಿದವನಿಗೆ ಆ ಹೆಸರು ಅರ್ಧಕ್ಕೇ ಸಲ್ಲುತ್ತದೆ.

ಮೊದಲನೆಯ ವರ್ಷದಲ್ಲಿ ಸಂವಿಧಾನವನ್ನೇ ಓದಿಸಬೇಕು. ಸಂವಿಧಾನದ ಮೇಲಿನ ಪುಸ್ತಕವನ್ನಲ್ಲ. ಅದರ ಕನ್ನಡ ಪಾಠವು ದೊರೆಯುತ್ತದೆ. ಭಾಷೆ ಗಡುಸಾಗಿದೆಯೆಂಬುದು ನಿಜ, ಆದರೆ ಕಾಯಿದೆಯ ಭಾಷೆಯ ಗಡಸುತನಕ್ಕೆ ಹಲ್ಲು ಪಳಗಬೇಕಾದುದೂ ಈ ವಿದ್ಯೆಯ ಒಂದು ಅಂಗವೇ. ಜೊತೆಗೆ ಸಂವಿಧಾನ ಸಭೆಯ ನಡವಳಿಗಳಿಂದ ಆಯ್ದ ಕೆಲವು ದಿನಗಳ ಚರ್ಚೆಯನ್ನು ಇಡಬೇಕು. ೧೯೪೯ರ ನವೆಂಬರಿನಲ್ಲಿ, ಕೆಲಸ ಮುಗಿಯುತ್ತ ಬಂದಿದ್ದಾಗ, ಮೈಸೂರಿನ ಕೆ. ಹನುಮಂತಯ್ಯನವರು ಎದ್ದು, ತಾವು ವೀಣೆಯನ್ನೋ ಸಿತಾರನ್ನೋ ಕೇಳಬಯಸಿದ್ದಲ್ಲಿ ಇಂಗ್ಲಿಷ್ ಬ್ಯಾಂಡಿನ ವಾದ್ಯವು ಕೇಳಿಬಂತೆಂದು ಆಕ್ಷೇಪಿಸಿದರು. ಅದೇ ಸಭೆಗೆ ಸಂವಿಧಾನದ ಸಲಹೆಗಾರರಾಗಿ ಮೊದಲನೆಯ ಕರಡನ್ನು ಸಿದ್ಧಪಡಿಸಿದ ಬಿ.ಎನ್. ರಾಯರು ಹುಟ್ಟಿದುದು ಮಂಗಳೂರಿನಲ್ಲಿ. ಈ ಇಬ್ಬರು ಕನ್ನಡ ನಾಡಿನವರ ನಡುವೆ ಯಾರ ಪಕ್ಷ ಸರಿಯೆಂದು ವಿದ್ಯಾರ್ಥಿಯು ಎರಡು ಪುಟ ಬರೆಯಲಿ. ಮರುದಿನ ಎದುರು ಪಕ್ಷಕ್ಕಾಗಿ ಎರಡು ಪುಟ ಬರೆಯಲಿ. ಒಂದು ಗೈಡಿನ ನೂರು ಪುಟಗಳಿಗಿಂತ ಈ ನಾಲ್ಕು ಪುಟಗಳಲ್ಲಿ ಹೆಚ್ಚಿನ ರಾಜ್ಯಶಾಸ್ತ್ರವಿರುವುದು.

ತೀರ್ಪುಗಳ ಓದಿಗೆ ನಾವು ದೂರ ಹೋಗಬೇಕಾಗಿಲ್ಲ. ೧೯೮೯ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು, ಅದಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ವಿಧಾನಸಭೆಯಲ್ಲಿ ಪರೀಕ್ಷಿಸಗೊಡದೆ, ೩೫೬ನೆಯ ವಿಧಿಯನ್ನು ಪ್ರಯೋಗಿಸಿ ವಜಾ ಮಾಡಲಾಯಿತು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ೧೯೯೪ರ ಮಾರ್ಚ್ ೧೧ರಂದು ಕೊಟ್ಟ ತೀರ್ಪು, ಬಹುಮತದ ಬಲಾಬಲವು ಗೊತ್ತಾಗಬೇಕಾದ ಸ್ಥಳ ಶಾಸನಸಭೆಯೇ ಹೊರತು ರಾಜ್ಯಪಾಲರ ನಿವಾಸವಲ್ಲವೆಂದು ನಿರ್ಧರಿಸಿ, ಇಡೀ ದೇಶಕ್ಕೆ ಪ್ರಮಾಣವಾಯಿತು. ಅಲ್ಲಿಂದ ೨೦೧೯ಕ್ಕೆ ಬನ್ನಿ. ಹದಿನೇಳು ಮಂದಿ ಶಾಸಕರನ್ನು ಸಭಾಧ್ಯಕ್ಷರು ಪಕ್ಷಾಂತರದ ಕಾರಣದಿಂದ ಅನರ್ಹಗೊಳಿಸಿದರು. ಅದೇ ನವೆಂಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಆದರೆ ಆ ವಿಧಾನಸಭೆಯ ಅವಧಿ ಮುಗಿಯುವ ತನಕ ಸ್ಪರ್ಧಿಸಕೂಡದೆಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಹದಿನೈದು ಸ್ಥಾನಗಳ ಪೈಕಿ ಹನ್ನೆರಡು ಆಗಿನ ಆಳುವ ಪಕ್ಷಕ್ಕೆ ದೊರೆತವು. ೧೯೮೫ರ ಪಕ್ಷಾಂತರ ನಿಷೇಧದ ತಿದ್ದುಪಡಿಯು ಏನನ್ನು ಸಾಧಿಸಹೊರಟಿತು, ಎಲ್ಲಿ ಸೋತಿತು, ಮತದಾರನ ತೀರ್ಪು ನ್ಯಾಯಾಲಯದ ತೀರ್ಪಿಗಿಂತ ಭಿನ್ನವಾದಾಗ ಯಾವುದನ್ನು ಏನೆಂದು ತಿಳಿಯಬೇಕು ಎಂಬ ಪ್ರಶ್ನೆಗಳು ಈ ಎರಡು ಪ್ರಕರಣಗಳಲ್ಲಿಯೇ ಅಡಗಿವೆ. ಕಲಬುರಗಿಯ ಕಡೆಯ ವಿದ್ಯಾರ್ಥಿಗಂತೂ ಸಂವಿಧಾನವು ಪುಸ್ತಕದ ಮಾತೇ ಅಲ್ಲ. ೨೦೧೨ರ ತಿದ್ದುಪಡಿಯಿಂದ ಬಂದ ೩೭೧-ಜೆ ವಿಧಿಯು ಅವನ ಕಾಲೇಜಿನ ಸೀಟನ್ನೂ ಮುಂದಿನ ನೌಕರಿಯನ್ನೂ ನೇರವಾಗಿ ಮುಟ್ಟುತ್ತದೆ. ಆ ವಿಧಿಯ ಒಕ್ಕಣೆಯನ್ನು ಅವನಿಂದ ಒಮ್ಮೆಯಾದರೂ ಓದಿಸದೆ ಪದವಿ ಕೊಡುವುದು ಸೋಜಿಗವಲ್ಲವೆ?

ಇನ್ನು ಲೆಕ್ಕದ ಮಾತು. ನಮ್ಮ ಕಲಾ ವಿಭಾಗದ ವಿದ್ಯಾರ್ಥಿಗಳು ಅಂಕೆಗಳನ್ನು ಕಂಡರೆ ಹಾವನ್ನು ಕಂಡಂತೆ ಹಿಂಜರಿಯುತ್ತಾರೆ. ಪಾಠಕ್ರಮ ರಚಿಸುವವರೂ ಅವರ ಭಯವನ್ನು ಗೌರವಿಸುತ್ತಾರೆ. ಇದು ತಪ್ಪು. ೨೦೧೮ರ ಮೇ ತಿಂಗಳಲ್ಲಿ ಮತದಾನ ನಡೆದ ೨೨೨ ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷವು ಶೇಕಡಾ ಸುಮಾರು ೩೬ ಮತಗಳಿಗೆ ೧೦೪ ಸ್ಥಾನಗಳನ್ನು ಪಡೆಯಿತು. ಕಾಂಗ್ರೆಸ್ಸು ಶೇಕಡಾ ಸುಮಾರು ೩೮ ಮತಗಳನ್ನು ಪಡೆದೂ ೭೮ಕ್ಕೆ ನಿಂತಿತು. ಐದು ವರ್ಷಗಳ ತರುವಾಯ, ೨೦೨೩ರಲ್ಲಿ, ಅದೇ ಜನತಾ ಪಕ್ಷಕ್ಕೆ ಬಹುಮಟ್ಟಿಗೆ ಅದೇ ಶೇಕಡಾ ೩೬ ಮತಗಳು ಬಿದ್ದವು. ಸ್ಥಾನಗಳು ಮಾತ್ರ ೬೬. ಕಾಂಗ್ರೆಸ್ಸು ಶೇಕಡಾ ೪೩ರ ಹತ್ತಿರಕ್ಕೆ ಏರಿ ೧೩೫ ಸ್ಥಾನಗಳನ್ನು ಗಳಿಸಿತು. ಒಂದೇ ಮತಪ್ರಮಾಣ ಒಮ್ಮೆ ೧೦೪, ಇನ್ನೊಮ್ಮೆ ೬೬ ಆದುದು ಹೇಗೆ? ಮೂರನೆಯ ಪಕ್ಷದ ಮತಗಳು ಶೇಕಡಾ ೧೮ರಿಂದ ೧೩ಕ್ಕೆ ಇಳಿದುದರ ಪಾತ್ರವೇನು? ಹಳೆಯ ಮೈಸೂರು ಸೀಮೆಯಲ್ಲಿ ಬಿದ್ದ ಮತಕ್ಕೂ ಕರಾವಳಿಯಲ್ಲಿ ಬಿದ್ದ ಮತಕ್ಕೂ ಫಲದಲ್ಲಿ ಏನು ಭೇದ? ಚುನಾವಣಾ ಆಯೋಗವು ಕ್ಷೇತ್ರವಾರು ಅಂಕೆಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದೆ. ಹತ್ತನೆಯ ತರಗತಿಯ ಗಣಿತವೂ ಸ್ವಲ್ಪ ಸಂಖ್ಯಾಶಾಸ್ತ್ರವೂ ಇದ್ದರೆ, ಒಂದು ಸೆಮಿಸ್ಟರಿನಲ್ಲಿ ನಲವತ್ತು ವಿದ್ಯಾರ್ಥಿಗಳು ಜಿಲ್ಲೆಗಳನ್ನು ಹಂಚಿಕೊಂಡು ಇಡೀ ರಾಜ್ಯದ ಲೆಕ್ಕವನ್ನು ಬಿಡಿಸಬಹುದು. ಗೆಲವಿನ ಮರುದಿನ ಪತ್ರಿಕೆಗಳಲ್ಲಿ ನಾವು ಬರೆಯುವ ವ್ಯಾಖ್ಯಾನಗಳಲ್ಲಿ ಎಷ್ಟು ಗಟ್ಟಿ, ಎಷ್ಟು ಜೊಳ್ಳು ಎಂಬುದೂ ಆಗ ಅವರಿಗೆ ಗೊತ್ತಾದೀತು. ಅದರಿಂದ ನಮಗೆ ಸ್ವಲ್ಪ ಕಷ್ಟವಾದರೂ ಆಗಲಿ.

ಆಯವ್ಯಯದ ವಿಷಯದಲ್ಲಿಯೂ ಹೀಗೆಯೇ. ಕೇಂದ್ರವು ರಾಜ್ಯಗಳಿಗೆಂದು ಹಂಚುವ ತೆರಿಗೆಯ ಪ್ರತಿ ನೂರು ರೂಪಾಯಿಗಳಲ್ಲಿ ಕರ್ನಾಟಕದ ಪಾಲು, ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲದಲ್ಲಿ, ಎಂದರೆ ೨೦೧೫ರಿಂದ ೨೦೨೦ರವರೆಗೆ, ೪ ರೂಪಾಯಿ ೭೧ ಪೈಸೆಯಷ್ಟಿತ್ತು. ಹದಿನೈದನೆಯ ಆಯೋಗವು ೨೦೨೧-೨೬ರ ಅವಧಿಗೆ ಅದನ್ನು ೩ ರೂಪಾಯಿ ೬೫ ಪೈಸೆಯಷ್ಟಕ್ಕೆ ಇಳಿಸಿತು. ಇದನ್ನು ಅನ್ಯಾಯವೆಂದು ಕೂಗುವುದು ಸುಲಭ, ನ್ಯಾಯವೆಂದು ಸಮರ್ಥಿಸುವುದೂ ಸುಲಭ. ಆಯೋಗವು ೨೦೧೧ರ ಜನಗಣತಿಯೊಂದನ್ನೇ ಆಧಾರವಾಗಿಟ್ಟುಕೊಂಡಿತು. ತಲಾ ಆದಾಯದ ಅಂತರಕ್ಕೆ ನೂರರಲ್ಲಿ ೪೫ರ ತೂಕವನ್ನು ಕೊಟ್ಟಿತು. ಇದರಿಂದ ಆದಾಯ ಹೆಚ್ಚಿದ, ಜನಸಂಖ್ಯೆಯ ಬೆಳವಣಿಗೆ ತಗ್ಗಿದ ರಾಜ್ಯಕ್ಕೆ ಪಾಲು ಕಡಿಮೆಯಾಯಿತು. ಸಂಯುಕ್ತ ರಾಜ್ಯವೆಂದರೆ ಸಮಾನರ ಒಪ್ಪಂದವೋ, ಒಂದೇ ಕುಟುಂಬದ ಹಂಚಿಕೆಯೋ ಎಂಬ ತತ್ತ್ವದ ಪ್ರಶ್ನೆಯು ಈ ಒಂದು ರೂಪಾಯಿ ಆರು ಪೈಸೆಯ ವ್ಯತ್ಯಾಸದಲ್ಲಿ ಮುಖಾಮುಖಿಯಾಗಿ ನಿಂತಿದೆ. ಈ ಕಾರಣಕ್ಕಾಗಿಯೇ, ಜೊತೆ ವಿಷಯಗಳ ಆಯ್ಕೆಯಲ್ಲಿ ಅರ್ಥಶಾಸ್ತ್ರವನ್ನು ಬಿಡಬೇಡಿರೆಂದು ನಾವು ತಂದೆತಾಯಿಗಳಿಗೆ ಬಿನ್ನವಿಸುತ್ತೇವೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಹಳೆಯ ತ್ರಿಕೂಟವನ್ನು ಹಾಸ್ಯ ಮಾಡುವವರುಂಟು. ಆದರೆ ಅದನ್ನು ಕಲ್ಪಿಸಿದ ಹಿರಿಯರು ಮೂರ್ಖರಾಗಿರಲಿಲ್ಲ. ಜಾತಿ, ಕುಟುಂಬ, ವಲಸೆಗಳ ವಿಷಯದಲ್ಲಿ ಆಸಕ್ತಿಯುಳ್ಳವರು ಇತಿಹಾಸದ ಬದಲು ಸಮಾಜಶಾಸ್ತ್ರವನ್ನು ಹಿಡಿಯಬಹುದು.

ರಾಜಕೀಯ ಚಿಂತನೆಯ ಪಾಠವನ್ನು ಎರಡನೆಯ ವರ್ಷಕ್ಕೆ ಇಡುವುದು ಲೇಸು. ಈಗ ಅದು ಬಹುಕಡೆ ಆರಂಭದಲ್ಲಿಯೇ ಬಂದು, ಹದಿನೆಂಟರ ಹುಡುಗನಿಗೆ ಅರಿಸ್ಟಾಟಲನು ಪರೀಕ್ಷೆಯ ಹೆಸರೊಂದಾಗಿ ಮಾತ್ರ ಉಳಿಯುತ್ತಾನೆ. ಇಪ್ಪತ್ತು ಚಿಂತಕರನ್ನು ತಲಾ ಎರಡು ಪುಟದಂತೆ ಓದುವುದಕ್ಕಿಂತ ನಾಲ್ವರ ಮೂಲಗ್ರಂಥಗಳಿಂದ ಐವತ್ತು ಐವತ್ತು ಪುಟಗಳನ್ನು ಓದಿದರೆ ಪ್ರಯೋಜನ ಹೆಚ್ಚು. ಆ ನಾಲ್ವರಲ್ಲಿ ಕೌಟಿಲ್ಯನೂ ಅಂಬೇಡ್ಕರರೂ ಇರಲೆಂಬುದು ನಮ್ಮ ಇಚ್ಛೆ; ಉಳಿದಿಬ್ಬರನ್ನು ಅಧ್ಯಾಪಕರು ಆರಿಸಿಕೊಳ್ಳಲಿ. ಹೊರದೇಶಗಳ ಸರಕಾರಗಳೂ ಅಂತರರಾಷ್ಟ್ರೀಯ ಸಂಬಂಧಗಳೂ ಇರಲೇಬೇಕಾದ ವಿಷಯಗಳೇ. ಅವುಗಳ ಬಗೆಗೆ ಪಾಠಕ್ರಮಗಳು ಈಗಾಗಲೇ ಸಾಕಷ್ಟು ಉದಾರವಾಗಿವೆಯಾದ್ದರಿಂದ ನಾವು ಹೆಚ್ಚು ಹೇಳಬೇಕಾಗಿಲ್ಲ.

ಮೂರನೆಯ ವರ್ಷದಲ್ಲಿ ಕೊಠಡಿಯಿಂದ ಹೊರಗೆ ಹೋಗಬೇಕು. ಪಂಚಾಯತಿಗಳ ವಿಷಯದಲ್ಲಿ ಕರ್ನಾಟಕದ ಇತಿಹಾಸವು ದೇಶಕ್ಕೇ ಪಾಠವಾದುದು. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ರೂಪುಗೊಂಡ ೧೯೮೩ರ ಕಾಯಿದೆಯು ಜಿಲ್ಲಾ ಪರಿಷತ್ತುಗಳನ್ನೂ ಮಂಡಲ ಪಂಚಾಯತಿಗಳನ್ನೂ ಸ್ಥಾಪಿಸಿ, ಸ್ತ್ರೀಯರಿಗೆ ನಾಲ್ಕರಲ್ಲೊಂದು ಸ್ಥಾನವನ್ನು ಮೀಸಲಿಟ್ಟಿತು. ಅದರಂತೆ ೧೯೮೭ರಲ್ಲಿ ಚುನಾವಣೆಗಳು ನಡೆದವು. ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯು ಜಾರಿಗೆ ಬಂದುದು ೧೯೯೩ರಲ್ಲಿ. ಹೀಗೆ ಮುಂದಾಗಿದ್ದ ರಾಜ್ಯದಲ್ಲಿಯೇ, ೨೦೨೧ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ೨೦೨೪ ಕಳೆದರೂ ಚುನಾವಣೆಯಾಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಕಾರಣಗಳ ಸರಪಳಿ ಬೆಳೆಯಿತು. ಈ ಸರಪಳಿಯ ಒಂದೊಂದು ಕೊಂಡಿಯನ್ನು ಬಿಡಿಸಿ ನೋಡುವುದೇ ಒಂದು ಉತ್ತಮ ಪ್ರಬಂಧದ ವಸ್ತು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. ವಿದ್ಯಾರ್ಥಿಗಳು ಅಲ್ಲಿ ಕುಳಿತು, ಬಂದವರೆಷ್ಟು, ಮಾತಾಡಿದವರಾರು, ಬಾಯಿ ತೆರೆಯದವರಾರು, ನಡವಳಿ ಪುಸ್ತಕದಲ್ಲಿ ಬರೆದುದೇನು ಎಂಬುದನ್ನು ಗುರುತುಹಾಕಿಕೊಂಡು ಬರಲಿ. ಹತ್ತು ರೂಪಾಯಿ ಶುಲ್ಕ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಸ್ವಂತವಾಗಿ ಬರೆದು, ಮೂವತ್ತು ದಿನಗಳಲ್ಲಿ ಏನು ಬಂತು, ಏನು ಬರಲಿಲ್ಲವೆಂದು ನೋಡಲಿ. ಆಡಳಿತಶಾಸ್ತ್ರದ ಪುಸ್ತಕದಲ್ಲಿರುವ ಅಧಿಕಾರಶ್ರೇಣಿ ಎಂಬ ಅಧ್ಯಾಯಕ್ಕೆ ಆಗ ಜೀವ ಬರುವುದು.

ಭಾಷೆಯ ಬಗೆಗೆ ಒಂದು ಮಾತು. ರಾಜ್ಯದ ಆಡಳಿತ ಭಾಷೆ ಕನ್ನಡವೆಂದು ೧೯೬೩ರಲ್ಲಿಯೇ ಕಾಯಿದೆಯಾಯಿತು. ಸರ್ವೋಚ್ಚ ನ್ಯಾಯಾಲಯವೋ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದುದರಿಂದ ನಮ್ಮ ಪದವೀಧರನಿಗೆ ಎರಡು ಕಾಲುಗಳೂ ಬೇಕು. ಕನ್ನಡ ಮಾಧ್ಯಮದವನಿಗೆ ಪ್ರತಿ ಸೆಮಿಸ್ಟರಿನಲ್ಲಿ ಒಂದು ಇಂಗ್ಲಿಷ್ ತೀರ್ಪಿನ ಸಾರಾಂಶವನ್ನು ಕನ್ನಡದಲ್ಲಿಯೂ, ಇಂಗ್ಲಿಷ್ ಮಾಧ್ಯಮದವನಿಗೆ ಒಂದು ಕನ್ನಡ ಸರಕಾರಿ ಆದೇಶದ ಸಾರಾಂಶವನ್ನು ಇಂಗ್ಲಿಷಿನಲ್ಲಿಯೂ ಬರೆಯುವ ಕೆಲಸವನ್ನು ಕೊಟ್ಟರೆ, ಇಬ್ಬರ ದುರಭಿಮಾನವೂ ಕೀಳರಿಮೆಯೂ ಒಟ್ಟಿಗೆ ಇಳಿಯುವುವು.

ಹೊಟ್ಟೆಯ ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ಈ ಪದವಿಗೆ ಮಗನನ್ನೋ ಮಗಳನ್ನೋ ಸೇರಿಸುವ ಬಹು ಮಂದಿ ಗೃಹಸ್ಥರ ಮನಸ್ಸಿನಲ್ಲಿರುವುದು ಐ.ಎ.ಎಸ್. ಎಂಬ ಮೂರಕ್ಷರ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಬರವಣಿಗೆಯ ೧೭೫೦ ಅಂಕಗಳಲ್ಲಿ ೫೦೦ ಐಚ್ಛಿಕ ವಿಷಯಕ್ಕೆ ಸಲ್ಲುವುದರಿಂದ ರಾಜ್ಯಶಾಸ್ತ್ರವು ಅಲ್ಲಿ ಉಪಯೋಗಕ್ಕೆ ಬರುವುದೇನೋ ನಿಜ. ಆದರೆ ೨೦೨೩ರ ಪರೀಕ್ಷೆಗೆ ಅರ್ಜಿ ಹಾಕಿದವರು ಹತ್ತು ಲಕ್ಷಕ್ಕೂ ಮೇಲ್ಪಟ್ಟು, ಆಯ್ಕೆಯಾದವರು ೧೦೧೬. ಸಾವಿರಕ್ಕೆ ಒಬ್ಬರು. ಆ ಒಬ್ಬರಿಗಾಗಿ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ಪದವಿಯನ್ನು ಕೋಚಿಂಗಿನ ಮೊಗಸಾಲೆಯನ್ನಾಗಿ ಮಾಡುವುದು ಅವಿವೇಕ. ಪದವಿಯ ಮೇಲೆ ಮೂರು ವರ್ಷಗಳ ಕಾನೂನು ವ್ಯಾಸಂಗ, ಬಿ.ಎಡ್. ಮಾಡಿ ಪ್ರೌಢಶಾಲೆಯ ಅಧ್ಯಾಪನ, ಎಂ.ಎ. ಮಾಡಿ ಅರ್ಹತಾ ಪರೀಕ್ಷೆಯ ಮೂಲಕ ಕಾಲೇಜಿನ ಕೆಲಸ, ಪತ್ರಿಕಾವೃತ್ತಿ, ಸ್ಥಳೀಯ ಸಂಸ್ಥೆಗಳ ಹಾಗೂ ಸೇವಾ ಸಂಸ್ಥೆಗಳ ಕೆಲಸ, ಇವೇ ಬಹುಮಂದಿಯ ನಿಜವಾದ ದಾರಿಗಳು. ಕಾಯಿದೆ ಓದಬಲ್ಲ, ಲೆಕ್ಕ ಹಾಕಬಲ್ಲ, ಎರಡು ಭಾಷೆಗಳಲ್ಲಿ ಟಿಪ್ಪಣಿ ಬರೆಯಬಲ್ಲ ಕೈಗೆ ಈ ದಾರಿಗಳಲ್ಲೆಲ್ಲ ಬೆಲೆಯುಂಟು.

ಇಷ್ಟೆಲ್ಲ ಹೇಳಿದ ಮೇಲೆ, ಇದನ್ನು ಕಲಿಸುವವರಾರು ಎಂಬ ಪ್ರಶ್ನೆ ಏಳುತ್ತದೆ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಹೊರೆಯ ಬಹುದೊಡ್ಡ ಭಾಗವು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ವರ್ಷ ವರ್ಷವೂ ಹೊಸದಾಗಿ ನೇಮಕಗೊಂಡು, ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲದೆ, ಮುಂದಿನ ಸಾಲಿನಲ್ಲಿ ಯಾವ ಊರೋ ಎಂದು ತಿಳಿಯದೆ ಇರುವ ಅಧ್ಯಾಪಕನಿಗೆ, ಮೂರು ವರ್ಷಗಳ ಕ್ರಮವಾದ ವ್ಯಾಸಂಗವನ್ನು ಯೋಜಿಸೆಂದು ಹೇಳುವುದು ಕ್ರೂರವಾದ ವಿನೋದ. ೨೦೨೩ರ ಕೊನೆಯಲ್ಲಿ ಅವರು ತರಗತಿಗಳನ್ನು ಬಿಟ್ಟು ಹೊರಗೆ ನಿಂತಾಗ, ವಿದ್ಯಾರ್ಥಿಗಳ ಎಷ್ಟೋ ಗಂಟೆಗಳು ನಷ್ಟವಾದವು. ನಾಲ್ಕುನೂರೈವತ್ತರಲ್ಲಿ ಅವೂ ಕಳೆದರೆ ಉಳಿಯುವುದೇನು? ಮೂರೋ ನಾಲ್ಕೋ ಎಂಬ ವಾದದಲ್ಲಿ ವ್ಯಯವಾದ ಉತ್ಸಾಹದ ಅರ್ಧದಷ್ಟನ್ನು ಖಾಲಿಯಿರುವ ಹುದ್ದೆಗಳನ್ನು ತುಂಬುವುದರಲ್ಲಿ ತೋರಿಸಿದ್ದರೆ, ಯಾವ ಸರಕಾರವಾದರೂ ಆಗಲಿ, ನಾವು ಮೊದಲು ಅಭಿನಂದಿಸುತ್ತಿದ್ದೆವು.

ವಿಶ್ವವಿದ್ಯಾನಿಲಯಗಳ ಪಠ್ಯ ಮಂಡಲಿಗಳು ತಮ್ಮ ಕೆಲಸವನ್ನು ಎಂದು ಮಾಡುವುವೋ ಕಾಣೆವು. ಅಲ್ಲಿಯ ತನಕ ಮಾಡಬಹುದಾದ ಎರಡು ಕೆಲಸಗಳಿವೆ. ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ತಂದೆತಾಯಿಗಳು ಶುಲ್ಕವೆಷ್ಟು, ಹಾಸ್ಟೆಲ್ಲು ಉಂಟೇ ಎಂದು ಕೇಳುವುದರ ಜೊತೆಗೆ, ರಾಜ್ಯಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಜೊತೆಗೆ ಅರ್ಥಶಾಸ್ತ್ರ ದೊರೆಯುವುದೇ, ಗ್ರಂಥಭಂಡಾರದಲ್ಲಿ ಸಂವಿಧಾನದ ಕನ್ನಡ ಪ್ರತಿ ಎಷ್ಟಿವೆ ಎಂದೂ ಕೇಳಲಿ. ಉತ್ತರ ಬರದಿದ್ದರೆ ಮುಂದಿನ ಕಾಲೇಜಿಗೆ ಹೋಗಲಿ. ತಾಲ್ಲೂಕು, ಜಿಲ್ಲಾ ಕಚೇರಿಗಳಲ್ಲಿರುವ ನಮ್ಮ ಅಧಿಕಾರಿ ವಾಚಕರು, ಪ್ರಾಂಶುಪಾಲರ ಪತ್ರ ಬಂದಾಗ ಅದನ್ನು ಕಡತದಲ್ಲಿ ಮಲಗಿಸದೆ, ಮುಂದಿನ ಗ್ರಾಮಸಭೆಯ ದಿನಾಂಕವನ್ನು ತಿಳಿಸಿ, ಆ ಪಂಚಾಯತಿಯ ಆಯವ್ಯಯದ ಪ್ರತಿಯನ್ನು ಕೊಟ್ಟು, ಹಿಂದಿನ ಸಾಲಿನಲ್ಲಿ ಆರು ಮಂದಿ ವಿದ್ಯಾರ್ಥಿಗಳಿಗೆ ಕುರ್ಚಿ ಹಾಕಿಸಲಿ. ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ.